ಸಡಿಲ ಬೀಳುವ ಜಾಗ

“ಗುರುಗಳೇ, ನಾಲಗೆ ಬಿಗಿಯಾಗಿರಬೇಕೋ, ಮೆತ್ತಗಿರಬೇಕೋ?” ಎಂದು ಶಿಷ್ಯ ಕೇಳಿದ.

ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಮಾತಿನಲ್ಲಿ ಕಟಕಿ ಹೆಚ್ಚು. ಮೊದಲ ಬೆಂಚಿನವರು ಅದನ್ನು ಸವಿಯುತ್ತಿದ್ದರು, ಸಮಯ ಸಿಕ್ಕರೆ ತಿರುಗಿಸಿಯೂ ಕೊಡುತ್ತಿದ್ದರು. ಮೂರು ವಾರದ ಹಿಂದೆ ಕಲ್ಲವ್ವ ಎಂಬ ಹುಡುಗಿ ಮೊದಲ ಸಲ ಎದ್ದು ನಿಂತು ಒಂದು ಪ್ರಶ್ನೆ ಕೇಳಿದಳು. ಇವನು ಒಂದು ಮಾತು ಎಸೆದ. ತರಗತಿ ನಕ್ಕಿತು. ಮರುದಿನದಿಂದ ಅವಳು ಬಂದಿಲ್ಲ. ಇನ್ನೊಂದು ವಾರ ಬಾರದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ. ಹಾಗೆಂದು ಮೆತ್ತಗಾಗಿ ನೋಡಿದರೆ ಮೊದಲ ಬೆಂಚೇ ತೂಕಡಿಸುತ್ತಿತ್ತು. ಇಷ್ಟನ್ನೂ ಗುರುಗಳಿಗೆ ಹೇಳಿ, ಎರಡರಲ್ಲಿ ದೋಷವಿಲ್ಲದ್ದು ಯಾವುದು ಎಂದು ಮತ್ತೆ ಕೇಳಿದ.

ಗುರುಗಳು ಕತೆ ಶುರುಮಾಡಿದರು. ಇನ್ನು ರಾಜ, ಜಿಂಕೆ, ಬೇಡ ಬರುತ್ತಾರೆಂದು ಶಿಷ್ಯ ಗೋಡೆಗೆ ಒರಗಿದ. ಬಂದದ್ದು ಬ್ಯಾಟರಿಯಿಂದ ಹಾರುವ ಒಂದು ವಿಮಾನ.

ಒಬ್ಬ ಬಡಗಿಯಿದ್ದ. ಎರಡು ವರ್ಷ ಕೂತು ಹಗುರ ಮರದಲ್ಲಿ ಮೂರು ಮೊಳದ ವಿಮಾನ ಮಾಡಿದ. ಅದರ ಒಂದು ರೆಕ್ಕೆಯ ತುದಿಯಿಂದ ಎರಡು ಉಕ್ಕಿನ ಎಳೆಗಳು ಅವನ ಕೈಯ ಹಿಡಿಕೆಗೆ ಬರುತ್ತಿದ್ದವು. ಅವನು ಬಯಲಿನ ನಡುವೆ ನಿಲ್ಲುತ್ತಿದ್ದ, ವಿಮಾನ ಅವನನ್ನು ಸುತ್ತುತ್ತಿತ್ತು. ಒಂದು ಎಳೆ ಎಳೆದರೆ ಮೂತಿ ಮೇಲೆ, ಇನ್ನೊಂದು ಎಳೆದರೆ ಮೂತಿ ಕೆಳಗೆ. ಎಳೆಗಳು ಬಿಗಿಯಾಗಿರುವವರೆಗೆ ವಿಮಾನ ಅವನ ಮಾತು ಕೇಳುತ್ತಿತ್ತು. ಸಡಿಲಗೊಂಡರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಅವನ ಆಟ ಇಷ್ಟೇ. ನೆಲದ ಹತ್ತಿರ ಮೂತಿ ಎತ್ತಿ ಏರಿಸುವುದು, ತನ್ನ ನೆತ್ತಿಯ ಹತ್ತಿರ ಬಂದಾಗ ಮೂತಿ ತಗ್ಗಿಸಿ ಇಳಿಸುವುದು, ಮತ್ತೆ ನೆಲದ ಹತ್ತಿರ ಎತ್ತುವುದು. ಮೊದಲ ದಿನವೇ ನೆತ್ತಿಯ ಹತ್ತಿರ ಮೂತಿ ತಗ್ಗಿಸಿದಾಗ ವಿಮಾನ ಅವನ ಕಡೆಗೆ ತಿರುಗಿತು. ಎಳೆಗಳು ಜೋತುಬಿದ್ದವು. ಬಡಗಿ ಹಿಂದಕ್ಕೆ ಹತ್ತು ಹೆಜ್ಜೆ ಓಡಿ ಅವನ್ನು ಬಿಗಿಮಾಡಿದ. ಎರಡು ವರ್ಷದ ದುಡಿಮೆ ಹತ್ತು ಹೆಜ್ಜೆಯಲ್ಲಿ ಉಳಿಯಿತು.

ತಿರುಗುವ ಬುಗುರಿಯನ್ನು ಒಂದು ಕಡೆ ಒತ್ತಿದರೆ ಅದು ಒತ್ತಿದ ಕಡೆಗಲ್ಲ, ಪಕ್ಕಕ್ಕೆ ವಾಲುತ್ತದೆ. ಪ್ರೊಪೆಲರೂ ಬುಗುರಿಯೇ, ಮೂತಿ ತಗ್ಗಿಸಿದರೆ ವಿಮಾನವನ್ನು ಪಕ್ಕಕ್ಕೆ ತಿರುಗಿಸುವುದು ಅದೇ ಎಂದು ಬಡಗಿಗೆ ಹೊಳೆಯಿತು. ಮೋಟಾರಿನ ಮೂರು ವೈರುಗಳಲ್ಲಿ ಎರಡನ್ನು ಅದಲುಬದಲು ಮಾಡಿ ಅದನ್ನು ಹಿಂದುಮುಂದಾಗಿ ತಿರುಗಿಸಿದ. ಎದುರು ದಿಕ್ಕಿಗೆ ತಿರುಗುವ ಪ್ರೊಪೆಲರ್ ತಂದು ಹಾಕಿದ. ಈಗ ನೆತ್ತಿಯ ಹತ್ತಿರ ಎಳೆಗಳು ಬಿಗಿಯಾಗಿ ನಿಂತವು. ಆದರೆ ನೆಲದ ಹತ್ತಿರ ಮೂತಿ ಎತ್ತುವಾಗ ವಿಮಾನ ಒಳಕ್ಕೆ, ಅವನ ಕಡೆಗೆ, ತಿರುಗಲು ನೋಡಿತು.

ಒಬ್ಬ ವರ್ತಕ ದಿನವೂ ನಿಂತು ನೋಡುತ್ತಿದ್ದ. “ರೋಗ ವಾಸಿಯಾಗಲಿಲ್ಲವಲ್ಲೋ. ಅಟ್ಟದಿಂದ ಇಳಿದು ಪಡಸಾಲೆಗೆ ಬಂತು, ಅಷ್ಟೆ,” ಎಂದ.

“ಬರಲಿ ಬಿಡಿ, ಸಾಹುಕಾರರೇ. ಪಡಸಾಲೆಗೆ ಕಲ್ಲಿನ ಕಂಬ ಇದೆ. ಅಟ್ಟ ನಿಂತಿರುವುದು ಬಿದಿರಿನ ಮೇಲೆ,” ಎಂದ ಬಡಗಿ.

ಅವನು ಹೇಳಿದ್ದು ನಿಜ. ನೆಲದ ಹತ್ತಿರ ವಿಮಾನ ತುಂಬಿದ ಕೊಡದಂತೆ ಕೈಯನ್ನು ಜಗ್ಗುತ್ತಿತ್ತು. ಆ ಬಿಗಿಯಲ್ಲಿ ಒಂದು ಚೊಂಬು ಚೆಲ್ಲಿದರೂ ಕೊಡ ಬರಿದಾಗುತ್ತಿರಲಿಲ್ಲ. ನೆತ್ತಿಯ ಹತ್ತಿರ ಕೊಡದಲ್ಲಿ ಇದ್ದದ್ದೇ ಒಂದು ಚೊಂಬು. ಆ ವಿಮಾನ ಬಡಗಿಗೆ ವಯಸ್ಸಾಗುವವರೆಗೆ ಹಾರಿತು.

ಶಿಷ್ಯ ಯಾವಾಗಲೋ ಗೋಡೆ ಬಿಟ್ಟು ನೆಟ್ಟಗೆ ಕೂತಿದ್ದ. ನೀತಿಕತೆಗಳಲ್ಲಿ ತಪ್ಪು ಹುಡುಕುವುದು ಅವನ ಹಳೆಯ ಚಾಳಿ. ಭೌತಶಾಸ್ತ್ರದ ಬಲಗೈ ನಿಯಮದಂತೆ ಬೆರಳುಗಳನ್ನು ಮಡಿಸಿ, ಹೆಬ್ಬೆರಳು ಚಾಚಿ, ವಿಮಾನ ಯಾವ ಕಡೆಗೆ ತಿರುಗುತ್ತದೆಂದು ಎರಡು ಸಲ ನೋಡಿದ. ಎರಡು ಸಲವೂ ಬಡಗಿಯೇ ಗೆದ್ದ. ಇಷ್ಟು ಚೊಕ್ಕಟವಾಗಿ ಯೋಚಿಸುವವರು ತನ್ನ ವಿಭಾಗದಲ್ಲೂ ಇಲ್ಲ ಎಂದು, ಮನಸ್ಸಿಲ್ಲದ ಮನಸ್ಸಿನಿಂದ, ಒಪ್ಪಿಕೊಂಡ.

“ಬಡಗಿ ದೊಡ್ಡವನು, ಒಪ್ಪಿದೆ,” ಎಂದ. “ಆದರೆ ನಾನು ಕೇಳಿದ್ದು ದೋಷವಿಲ್ಲದ ದಿಕ್ಕು.”

ಗುರುಗಳು ಅವನ ಮಡಿಸಿದ ಬೆರಳುಗಳನ್ನು ನೋಡಿದರು.

“ನಿನ್ನ ಮೊದಲ ಬೆಂಚಿನದು ತುಂಬಿದ ಕೊಡ. ಮೊದಲ ಸಲ ಎದ್ದು ನಿಂತ ಆ ಹುಡುಗಿಯ ಕೊಡದಲ್ಲಿ ಎಷ್ಟು ನೀರಿತ್ತು, ತಮ್ಮಾ?”