ಒಬ್ಬರ ಹರಡು ಇನ್ನೊಬ್ಬರಿಗೇಕೆ ಹೊಂದದು?

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ ಕಾಲ. ಆಗ ಹೊಳೆಗೆ ಮಾತು ಬರುತ್ತಿತ್ತು, ಗಾಳಿಗೆ ಚಾಡಿ ಹೇಳಲು ಬರುತ್ತಿತ್ತು. ಮನುಷ್ಯರಿಗೆ ಮಾತ್ರ ಸರಿಯಾಗಿ ನಡೆಯಲು ಬರುತ್ತಿರಲಿಲ್ಲ.

ಏಕೆಂದರೆ ಅವರ ಕಾಲಿಗೆ ಹರಡು ಇರಲಿಲ್ಲ. ಹರಡು ಎಂದರೆ ಕಾಲೂ ಪಾದವೂ ಸೇರುವ ಗಿಣ್ಣು. ಅದಿಲ್ಲದ ಕಾಲು ಒನಕೆಯ ಹಾಗೆ. ಜನ ದಡ್ ದಡ್ ಎಂದು ನಡೆಯುತ್ತಿದ್ದರು. ಗುಡ್ಡ ಏರಲು ಹೋಗಿ ಹಿಂದಕ್ಕೆ ಉರುಳುತ್ತಿದ್ದರು. ಮೇಕೆಗಳು ಬಂಡೆಯ ಮೇಲೆ ನಿಂತು ನಗುತ್ತಿದ್ದವು. ಇನ್ನೊಬ್ಬರ ಕಾಲನ್ನು ನೋಡಿ ನಗುವುದು ಸಭ್ಯತೆಯಲ್ಲ. ಆದರೆ ಮೇಕೆಗಳಿಗೆ ಯಾರು ಹೇಳಬೇಕು?

ಭೂಮಿತಾಯಿ ಹೊಳೆಯನ್ನು ಕರೆದಳು.

"ಕಲ್ಲನ್ನು ನುಣ್ಣಗೆ ಮಾಡುವುದು ನಿನಗೇ ಗೊತ್ತು. ಈ ಜನರಿಗೆಲ್ಲ ಹರಡಿನ ಮೂಳೆ ಮಾಡು. ಮೇಲ್ಭಾಗ ಬಾವಿಯ ರಾಟೆಯ ಹಾಗೆ ಉರುಟಾಗಿರಲಿ, ಕಾಲು ಅದರ ಮೇಲೆ ಹಿಂದೆ ಮುಂದೆ ಜಾರಲಿ. ಕೆಳಭಾಗ ಹಿಮ್ಮಡಿಯ ಮೇಲೆ ಕೂರಲಿ. ಎಲ್ಲವೂ ಒಂದೇ ಆಕಾರ, ನೆನಪಿರಲಿ. ಇಲ್ಲವಾದರೆ ಒಬ್ಬರ ಮೇಲೊಬ್ಬರಿಗೆ ಹೊಟ್ಟೆಕಿಚ್ಚು."

ಹೊಳೆ ಬಿಳಿಯ ಕಲ್ಲುಗಳನ್ನು ಒಂದೇ ಮಡುವಿನಲ್ಲಿ ಉರುಳಿಸಿ ಉರುಳಿಸಿ ಹಾಗೆಯೇ ಮಾಡಿತು. ಜನ ಬಂದು ದಡದಲ್ಲಿ ನಿಂತರು. ಭೂಮಿತಾಯಿ ಗುಡ್ಡದ ಆಚೆಯಿಂದ ಕೂಗಿದಳು: "ಹರಡು ಕೊಡು!"

ನಡುವೆ ಗಾಳಿ ನುಗ್ಗಿತು. "ಕೊಡು" ಎಂಬ ಮಾತನ್ನು ಕಿತ್ತುಕೊಂಡು ಹೋಯಿತು. ಹೊಳೆಗೆ ಕೇಳಿಸಿದ್ದು "ಹರಡು!" ಎಂಬುದೊಂದೇ.

ಹರಡು ಎಂದರೆ ಗಿಣ್ಣು. ಹರಡು ಎಂದರೆ ಚೆಲ್ಲು, ಚದುರಿಸು ಎಂದೂ ಆಗುತ್ತದೆ. ವಾಕ್ಯವನ್ನು ಪೂರ್ತಿ ಕೇಳಿಸಿಕೊಳ್ಳದವರ ಗತಿ ಇದೇ. ಹೊಳೆ ದಡ ಮೀರಿ ಹರಡಿತು. ಮಾಡಿಟ್ಟ ಮೂಳೆಗಳನ್ನೆಲ್ಲ ಮರಳಿನಲ್ಲಿ ತೇಯಿತು, ಬಂಡೆಗಳಿಗೆ ಉಜ್ಜಿತು, ಎಲ್ಲೆಲ್ಲೋ ಚೆಲ್ಲಿತು.

ನೀರು ಇಳಿದಾಗ ಒಂದು ಜೋಡಿಯಂತೆ ಇನ್ನೊಂದು ಜೋಡಿ ಉಳಿದಿರಲಿಲ್ಲ. ಒಂದು ಜೋಡಿಗೆ ಉದ್ದ ಕತ್ತು, ಒಂದಕ್ಕೆ ಗಿಡ್ಡ. ಒಂದರ ರಾಟೆ ಅಗಲ, ಒಂದರದು ಇಕ್ಕಟ್ಟು. ಹಿಮ್ಮಡಿಗೆ ತಾಗುವ ನುಣುಪು ಮುಖಗಳು ಕೆಲವಕ್ಕೆ ಎರಡು, ಕೆಲವಕ್ಕೆ ಮೂರು. ಕಾದು ಸುಸ್ತಾಗಿದ್ದ ಜನ ಕೈಗೆ ಸಿಕ್ಕ ಜೋಡಿಯನ್ನು ತೊಟ್ಟುಕೊಂಡರು. ಆಗ ಹರಡನ್ನು ಕಡಗದ ಹಾಗೆ ತೊಡಬಹುದಿತ್ತು, ಕಳಚಬಹುದಿತ್ತು. ತೊಟ್ಟ ಮೂಳೆಗೆ ತಕ್ಕಂತೆ ಕಾಲೂ ಹಿಮ್ಮಡಿಯೂ ಮೆಲ್ಲಮೆಲ್ಲನೆ ತಿದ್ದಿಕೊಂಡವು.

ಬಾಳವ್ವ ಎಂಬ ಹೆಂಗಸಿಗೆ ಅಗಲವಾದ ಜೋಡಿ ಸಿಕ್ಕಿತ್ತು. ತುಂಬಿದ ಕೊಡ ಹೊತ್ತು ಕೆಸರಿನಲ್ಲಿ ನಡೆದರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಅವಳ ಗಂಡನ ತಂಗಿ ಹೂವಿಗೆ ಸಿಕ್ಕಿದ್ದು ಉರುಟಾದ, ಉದ್ದ ಕತ್ತಿನ ಜೋಡಿ. ಹೂವಿ ಬಂಡೆಯಿಂದ ಬಂಡೆಗೆ ಹಾರುತ್ತಿದ್ದಳು. ತುದಿಗಾಲಿನಲ್ಲಿ ಗಿರ್ರನೆ ತಿರುಗುತ್ತಿದ್ದಳು.

ಬಾಳವ್ವ ನೋಡಿದಳು. ಹೊಟ್ಟೆ ಚುರ್ ಎಂದಿತು.

"ಏನೇ ಹೂವಿ, ಕಾಲಿಗೆ ಇರುವೆ ಬಿಟ್ಟುಕೊಂಡಿದ್ದೀಯಾ? ಒಂದು ಕಡೆ ನಿಲ್ಲೇ."

"ಬಾ ಅತ್ತಿಗೆ, ನೀನೂ ತಿರುಗು!"

ಬಾಳವ್ವ ತಿರುಗಲು ಹೋಗಿ ಧೊಪ್ಪೆಂದು ಕುಳಿತಳು. ಹೂವಿ ಬಾಯಿಗೆ ಸೆರಗು ಹಿಡಿದಳು. "ಅದು ಕೊಡ ಹೊರುವ ಕಾಲು, ಅತ್ತಿಗೆ. ಅದಕ್ಕೇಕೆ ಕುಣಿತ?"

ಗಾಳಿ ಬಾಳವ್ವನ ಕಿವಿಯ ಹತ್ತಿರ ಬಂತು. "ನೋಡಿದೆಯಾ? ಗುಡ್ಡದ ತುದಿಯ ಹಣ್ಣೆಲ್ಲ ಅವಳಿಗೇ. ಊರವರ ಕಣ್ಣೆಲ್ಲ ಅವಳ ಕಾಲಿನ ಮೇಲೇ. ಹಿರಿಯವಳು ನೀನು. ಮೊದಲು ಆರಿಸಬೇಕಾದವಳು ನೀನಲ್ಲವೇ?"

ಬಾಳವ್ವನಿಗೆ ಉಂಡದ್ದು ರುಚಿಸಲಿಲ್ಲ, ಮಲಗಿದರೆ ಕಣ್ಣು ಹತ್ತಲಿಲ್ಲ. ಕಣ್ಣು ಮುಚ್ಚಿದರೂ ಹೂವಿಯ ಕಾಲೇ ತಿರುಗುತ್ತಿತ್ತು. ಪ್ರತಿ ಸುತ್ತಿಗೂ ಹೊಟ್ಟೆ ಚುರ್ ಎನ್ನುತ್ತಿತ್ತು.

ಒಂದು ಮಧ್ಯಾಹ್ನ ಹೂವಿ ಹೊಂಗೆಯ ನೆರಳಿನಲ್ಲಿ ನಿದ್ದೆ ಹೋಗಿದ್ದಳು. ಬಾಳವ್ವ ಮೆಲ್ಲನೆ ಅವಳ ಬಲ ಹರಡನ್ನು ಕಳಚಿಕೊಂಡಳು. ಎಡಕ್ಕೆ ಕೈ ಹಾಕುವಷ್ಟರಲ್ಲಿ ಹೂವಿ ಮಗ್ಗುಲಾದಳು. ಬಾಳವ್ವ ಹೊಳೆಯ ಕಡೆಗೆ ಓಡಿದಳು. ತನ್ನ ಬಲ ಮೂಳೆಯನ್ನು ತೆಗೆದು, ಅದಲುಬದಲು ಮಾಡಿಕೋ ಎಂದು ನಾಳೆ ಯಾರೂ ಹೇಳಬಾರದೆಂದು, ಮಡುವಿಗೆ ಎಸೆದುಬಿಟ್ಟಳು. ಹೂವಿಯದನ್ನು ತೊಟ್ಟು ಹೆಜ್ಜೆ ಇಟ್ಟಳು.

ಕಟಕ್!

ಮೂಳೆ ಅಡ್ಡಲಾಗಿ ಸಿಕ್ಕಿಕೊಂಡಿತು. ಕಾಲು ಕುಂಬಳಕಾಯಿಯಂತೆ ಊದಿತು. ಕಳಚಲು ಹೋದರೆ ಬರಲಿಲ್ಲ.

ಅಷ್ಟರಲ್ಲಿ ಹೂವಿ ಎದ್ದು, ಕುಂಟುತ್ತಾ ತೆವಳುತ್ತಾ ಬಂದಳು. "ಅತ್ತಿಗೆ! ಅದು ನನ್ನದು!"

"ನಿನ್ನದೆಂದು ಅದರ ಮೇಲೆ ಬರೆದಿದೆಯೇನೇ?"

"ಬರೆದಿಲ್ಲ. ನಿನ್ನ ಕಾಲೇ ಕೂಗಿ ಹೇಳುತ್ತಿದೆಯಲ್ಲ!"

ಹೊಳೆಯಲ್ಲಿ ಮೀನಿಗೆ ಕಾದಿದ್ದ ಕೊಕ್ಕರೆ ಗದ್ದಲ ಕೇಳಿ ಬಂತು. ಕೊಕ್ಕನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿತು. ಮೊದಲು ತೊಳೆಯಬೇಕು, ಆಮೇಲೆ ಮುಟ್ಟಬೇಕು. ಊತದ ಪಕ್ಕದಲ್ಲಿ ನಾಜೂಕಾಗಿ ಬಿಡಿಸಿ ಮೂಳೆಯನ್ನು ಹೊರತೆಗೆದು ಹೂವಿಗೆ ಕೊಟ್ಟಿತು.

"ನಿನ್ನದೆಲ್ಲಿ?"

"ಮಡುವಿನಲ್ಲಿ," ಎಂದಳು ಬಾಳವ್ವ.

"ಬಿತ್ತೇ?"

"ಎಸೆದೆ."

ಹೊಳೆ ತಳವನ್ನೆಲ್ಲ ತಡಕಿತು. ತಳದ ತುಂಬ ಬಿಳಿಯ ಕಲ್ಲುಗಳು. ಅವುಗಳ ನಡುವೆ ಮೂಳೆ ಸಿಗಲಿಲ್ಲ. "ಸಂಜೆಯೊಳಗೆ ಮೂಳೆ ಕೂರದಿದ್ದರೆ ಗುಳಿ ಮುಚ್ಚಿಕೊಳ್ಳುತ್ತದೆ," ಎಂದಿತು ಕೊಕ್ಕರೆ. "ಆಮೇಲೆ ಜನ್ಮಪೂರ್ತಿ ಒನಕೆಗಾಲು."

ಗದ್ದಲಕ್ಕೆ ಊರವರೂ ಬಂದು ಸೇರಿದರು. ಬಾಳವ್ವನ ಗಂಡ ತನ್ನದನ್ನು ಕೊಟ್ಟು ನೋಡಿದ, ದೊಡ್ಡದಾಯಿತು. ಪಕ್ಕದ ಮನೆಯವಳದು ಇಕ್ಕಟ್ಟಾಯಿತು. ಬಾಳವ್ವ ಅಳುತ್ತಲೇ ಹೊಳೆಗೆ ಹೇಳಿದಳು: "ಹೊಸದು ಮಾಡುವುದೇ ಆದರೆ ಹೂವಿಯದರ ಹಾಗೇ ಮಾಡು!"

"ಅದನ್ನೇ ತಾನೇ ಈಗ ತೆಗೆದದ್ದು?" ಎಂದಿತು ಕೊಕ್ಕರೆ. "ಎಡಗಾಲು ಚಾಚು."

"ನೋವಿರುವುದು ಬಲಗಾಲಿನಲ್ಲಿ!"

"ಗೊತ್ತು. ಚಾಚು."

ಬಾಳವ್ವ ಎಡಗಾಲನ್ನು ಚಾಚಿದಳು. ಕೊಕ್ಕರೆ ಅದರ ಹರಡನ್ನು ಕಳಚಿ ನೀರಿನ ಮೇಲೆ ಹಿಡಿಯಿತು. ಹೊಳೆ ಉಸಿರು ಬಿಗಿಹಿಡಿದು ನಿಶ್ಚಲವಾಯಿತು. ಎಡ ಮೂಳೆಯ ಪ್ರತಿಬಿಂಬ ನೀರಿನಲ್ಲಿ ಬಲ ಮೂಳೆಯಾಗಿ ಮೂಡಿತು.

"ಹೌದು!" ಎಂದಿತು ಹೊಳೆ. "ಅಂದು ಜೋಡಿಗಳು ಮಾತ್ರ ಒಂದನ್ನೊಂದು ಬಿಡದೆ ಉರುಳಿದ್ದವು. ಇದು ಎಡಕ್ಕೆ ಸವೆದ ಹಾಗೆ ಅದು ಬಲಕ್ಕೆ ಸವೆದಿತ್ತು."

ಆ ಪ್ರತಿಬಿಂಬವನ್ನೇ ನೋಡಿಕೊಂಡು ಹೊಳೆ ಒಂದು ಬಿಳಿಯ ಕಲ್ಲನ್ನು ತೇಯತೊಡಗಿತು. ಸೂರ್ಯ ಗುಡ್ಡಕ್ಕೆ ತಾಗುವಾಗ ಮೂಳೆ ಸಿದ್ಧವಾಯಿತು. ಕೊಕ್ಕರೆ ಅದನ್ನು ಗುಳಿಯಲ್ಲಿ ಇಟ್ಟಿತು. ಟಕ್ ಎಂದು ಕುಳಿತಿತು. ಎಡದ್ದನ್ನೂ ಅದರ ಜಾಗಕ್ಕೆ ಮರಳಿಸಿತು.

ಬಾಳವ್ವ ಎದ್ದು ನಿಂತಳು. ಹೂವಿಯೂ ಎದ್ದು, ತನ್ನ ಹರಡನ್ನು ಪರೀಕ್ಷಿಸಲೆಂದು ತುದಿಗಾಲಿನಲ್ಲಿ ಗಿರ್ರನೆ ಒಂದು ಸುತ್ತು ತಿರುಗಿದಳು. ಬಾಳವ್ವ ನೋಡಿದಳು. ಹೊಟ್ಟೆ ಚುರ್ ಎಂದಿತು. ಎಂದಿತು, ಅಷ್ಟೇ, ಕೈ ಮುಂದೆ ಹೋಗಲಿಲ್ಲ.

ಆದರೂ ಭೂಮಿತಾಯಿಗೆ ನಂಬಿಕೆ ಬರಲಿಲ್ಲ. ಹೊಟ್ಟೆಕಿಚ್ಚಿಗೆ ಮದ್ದಿಲ್ಲವೆಂದು ಅವಳಿಗೆ ಗೊತ್ತಿತ್ತು. ಎಲ್ಲರ ಹರಡನ್ನೂ ಗಟ್ಟಿ ನಾರಿನಿಂದ ಬಿಗಿದು, ಮೇಲೆ ಚರ್ಮ ಎಳೆದು ಮುಚ್ಚಿಬಿಟ್ಟಳು.

ಅದಕ್ಕೇ ಇವತ್ತಿಗೂ ನಿಮ್ಮ ಹರಡಿನ ಮೂಳೆ ನಿಮ್ಮ ಪಕ್ಕದಲ್ಲಿ ಕುಳಿತವರದರ ಹಾಗಿಲ್ಲ. ಯಾರಾದರೂ ಬಲ ಹರಡನ್ನು ಕೆಟ್ಟದಾಗಿ ಮುರಿದುಕೊಂಡು ಬಂದರೆ, ಶಸ್ತ್ರಚಿಕಿತ್ಸೆಗೆ ಮೊದಲು ಡಾಕ್ಟರು ಎಷ್ಟೋ ಸಲ ನೋವೇ ಇಲ್ಲದ ಎಡಗಾಲನ್ನೂ ಚಾಚಲು ಹೇಳಿ, ಅದರ ಮೂಳೆಯ ಚಿತ್ರವನ್ನೂ ತೆಗೆಸಿ ನೋಡುವುದು ಅದಕ್ಕೇ.