ಕೆಂಪು ದಾರ ಕಟ್ಟಿದ ಸೀಸೆ

"ಗುರುಗಳೇ, ಅಪಾಯವನ್ನು ಮೊದಲೇ ಗುರುತಿಸಿ ಬರೆದಿಟ್ಟುಕೊಂಡರೆ ಅದನ್ನು ತಡೆಯಬಹುದಲ್ಲವೇ?" ಎಂದು ಶಿಷ್ಯ ಕೇಳಿದ. ಅವನನ್ನು ಒಂದು ಆಸ್ಪತ್ರೆಯ ಮೇಲ್ವಿಚಾರಣೆಗೆ ನೇಮಿಸಿದ್ದರು.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಂದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ದಾದಿ ಇದ್ದಳು. ಹೆರಿಗೆ ಕೋಣೆಯಲ್ಲಿ ಅವಳದು ಇಪ್ಪತ್ತೆರಡು ವರ್ಷದ ಸೇವೆ. ಅಲ್ಲಿನ ಕಪಾಟಿನಲ್ಲಿ ಎರಡು ಬಗೆಯ ಮದ್ದಿನ ಸೀಸೆಗಳು ಅಕ್ಕಪಕ್ಕದಲ್ಲಿರುತ್ತಿದ್ದವು. ಒಂದೇ ಗಾತ್ರ, ಒಂದೇ ಬಣ್ಣದ ಚೀಟಿ. ಮೊದಲನೆಯದನ್ನು ಹೆರಿಗೆಯಾದ ಕೂಡಲೇ ಚುಚ್ಚಬೇಕು. ಎರಡನೆಯದನ್ನು ಗ್ಲೂಕೋಸಿನಲ್ಲಿ ಬೆರೆಸದೆ ಹಾಗೆಯೇ ಚುಚ್ಚಿದರೆ ಎದೆಬಡಿತ ನಿಲ್ಲುತ್ತದೆ. ದಾದಿ ಆ ಎರಡನೆಯ ಸೀಸೆಗಳ ಕತ್ತಿಗೆಲ್ಲ ಕೆಂಪು ದಾರ ಕಟ್ಟುತ್ತಿದ್ದಳು. ಹೊಸಬರು ಯಾರೇ ಬಂದರೂ ಕೈಹಿಡಿದು ಕರೆದೊಯ್ದು ತೋರಿಸುತ್ತಿದ್ದಳು.

ಆ ಆಸ್ಪತ್ರೆಗೆ ಒಬ್ಬ ಅಧಿಕಾರಿ ಬಂದ. ಒಳ್ಳೆಯವನು. ಎಲ್ಲೆಲ್ಲಿ ಅಪಾಯ ಕಾಣುತ್ತದೋ ಹೇಳಿ, ಬರೆಸುತ್ತೇನೆ ಎಂದ. ಕಸ ಗುಡಿಸುವವರನ್ನೂ ಎದುರಿಗೆ ಕೂರಿಸಿಕೊಂಡು ಕೇಳಿದ. ದಾದಿ ಸೀಸೆಗಳ ವಿಷಯ ಹೇಳಿದಳು. ಅಪಾಯಗಳ ರಿಜಿಸ್ಟರಿನಲ್ಲಿ ಅದೇ ಮೊದಲನೆಯದಾಗಿ ದಾಖಲಾಯಿತು. ರಿಜಿಸ್ಟರನ್ನು ನೋಡಿಕೊಳ್ಳಲು ಅಧಿಕಾರಿ ನೇಮಿಸಿದ ಸಮಿತಿಯವರು ಅದನ್ನು 'ಅತಿ ತೀವ್ರ' ಎಂದು ಗುರುತಿಸಿದರು. ಬೇರೆ ಕಪಾಟು ಬೇಕೆಂದು ಜಿಲ್ಲಾ ಕಚೇರಿಗೆ ಪತ್ರ ಹೋಯಿತು.

ಒಂದು ದಿನ ತಪಾಸಣೆಗೆ ಬಂದ ಸಮಿತಿಯ ಸದಸ್ಯನೊಬ್ಬ ದಾರ ಕಂಡು ನಿಂತ.

"ಇದೇನು ಸಿಸ್ಟರ್, ಮದ್ದಿನ ಸೀಸೆಗೆ ದಾರ?"

"ಗುರುತಿಗೆ ಸಾರ್. ಅದಲುಬದಲು ಆಗಬಾರದಲ್ಲ."

"ಅದು ಈಗ ರಿಜಿಸ್ಟರಿಗೆ ಬಂದಿದೆ, ನಾವು ನೋಡಿಕೊಳ್ಳುತ್ತೇವೆ. ದಾರದಲ್ಲಿ ಕೊಳೆ ಕೂರುತ್ತದೆ. ಬಿಚ್ಚಿಬಿಡಿ."

ದಾದಿ ತನ್ನ ಕೈಯಾರೆ ಬಿಚ್ಚಿದಳು. ಅವಳಿಗೆ ಬೇಸರವೂ ಆಗಲಿಲ್ಲ. ಇಷ್ಟು ವರ್ಷ ಒಬ್ಬಳೇ ಹೊತ್ತುಕೊಂಡಿದ್ದ ಭಯವನ್ನು ದೊಡ್ಡವರು ಇಳಿಸಿಕೊಂಡರೆಂದು ಹಗುರಾದಳು. ಹೊಸಬರಿಗೆ ತೋರಿಸುವುದೂ ಬರುಬರುತ್ತ ನಿಂತಿತು.

ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತಿತ್ತು. ಜಿಲ್ಲಾ ಕಚೇರಿಯ ಉತ್ತರ ಬಂದಿರಲಿಲ್ಲ. ಮೊದಲ ಸಾಲಿನ ಮುಂದೆ 'ಗಮನದಲ್ಲಿದೆ' ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದರು. ಹೀಗೆ ನಾಲ್ಕು ಸಲ ಬರೆದರು.

ಐದನೆಯ ಸಭೆಗೆ ಇನ್ನೂ ಹನ್ನೊಂದು ದಿನವಿತ್ತು. ಬೆಳಿಗ್ಗೆ ಹತ್ತರ ಸುಮಾರಿಗೆ ಒಬ್ಬ ನೇಕಾರನ ಹೆಂಡತಿಗೆ ಹೆರಿಗೆಯಾಯಿತು. ಹೆಣ್ಣುಮಗು. ಹೊಸದಾಗಿ ಕೆಲಸಕ್ಕೆ ಸೇರಿದ್ದ ದಾದಿಯೊಬ್ಬಳು ಅವಸರದಲ್ಲಿ ಕಪಾಟಿಗೆ ಕೈಹಾಕಿ, ಸಿಕ್ಕಿದ ಸೀಸೆಯ ಮದ್ದನ್ನು ಚುಚ್ಚಿದಳು. ಮಗುವನ್ನು ಒರೆಸಿ ತಂದು ತೋರಿಸುವಷ್ಟರಲ್ಲಿ ತಾಯಿ ಇರಲಿಲ್ಲ.

ನೇಕಾರ ಅಧಿಕಾರಿಯ ಮುಂದೆ ಬಂದು ನಿಂತ.

"ಹೀಗಾಗಬಹುದು ಅಂತ ನಿಮಗೆ ಗೊತ್ತಿತ್ತೇ ಸ್ವಾಮಿ?"

ಅಧಿಕಾರಿ ಸುಳ್ಳು ಹೇಳುವವನಲ್ಲ. "ಗೊತ್ತಿತ್ತು" ಎಂದ.

ನೇಕಾರ ಮಗುವನ್ನು ಯಾರ ಕೈಯಿಂದ ಇಸಿದುಕೊಳ್ಳಬೇಕೆಂದು ತಿಳಿಯದೆ ಬಾಗಿಲಲ್ಲೇ ಬಹಳ ಹೊತ್ತು ನಿಂತಿದ್ದ.

ವಿಚಾರಣೆ ನಡೆಯಿತು. ರಿಜಿಸ್ಟರನ್ನು ಚೆನ್ನಾಗಿ ಇಟ್ಟಿದ್ದೀರಿ ಎಂದು ವಿಚಾರಣೆಗೆ ಬಂದವರು ಮೆಚ್ಚಿದರು. ಮದ್ದು ಚುಚ್ಚಿದವಳನ್ನು ಕೆಲಸದಿಂದ ತೆಗೆದರು. ಹಳೆಯ ದಾದಿಯನ್ನು ಒಂದೇ ಪ್ರಶ್ನೆ ಕೇಳಿದರು: "ದಾರವನ್ನು ಏಕೆ ಬಿಚ್ಚಿದಿರಿ?"

ಅವಳು ತನ್ನ ಬೆರಳುಗಳನ್ನೇ ನೋಡುತ್ತ ಕುಳಿತಳು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಆ ದಾದಿ ಈಗ ಎಲ್ಲಿದ್ದಾಳೆ, ಗುರುಗಳೇ?"

"ಅಲ್ಲೇ ಇದ್ದಾಳೆ. ಎಲ್ಲಿ ಅಪಾಯ ಕಾಣುತ್ತದೆ ಹೇಳಮ್ಮ ಎಂದು ಯಾರು ಬಂದು ಕೇಳಿದರೂ, ಏನೂ ಕಾಣುತ್ತಿಲ್ಲ ಎನ್ನುತ್ತಾಳೆ."