ಮಲಗಿದ ಹೊಲಕ್ಕೊಬ್ಬ ಕಾವಲುಗಾರ

“ಗುರುಗಳೇ, ಸಬ್ಬತ್ ದಿನವನ್ನು ನಾನು ಚಾಚೂ ತಪ್ಪದೆ ಪಾಲಿಸುತ್ತೇನೆ. ಆದರೂ ಆ ದಿನ ನನ್ನ ಮನಸ್ಸಿಗೆ ಯಾಕೆ ವಿಶ್ರಾಂತಿ ಸಿಗುವುದಿಲ್ಲ?” ಎಂದು ಸತ್ಯಮಿತ್ರ ಕೇಳಿದ.

ಅದೂ ಒಂದು ಸಬ್ಬತ್ ದಿನವೇ, ಕೆಲಸ ಬಿಟ್ಟು ದೇವರಿಗೆಂದು ಮೀಸಲಿಡುವ ವಾರದ ಏಳನೆಯ ದಿನ. ಪ್ರಾರ್ಥನಾಮಂದಿರದ ಪಕ್ಕದ ಕೋಣೆಯಲ್ಲಿ ಗುರುಗಳು ಬಾಗಿಲಿಗೆ ಮುಖ ಮಾಡಿ ಕೂತಿದ್ದರು. ಶಿಷ್ಯ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಈ ದಿನ ತಾನು ಒಲೆ ಹಚ್ಚುವುದಿಲ್ಲ, ಲೇಖನಿ ಮುಟ್ಟುವುದಿಲ್ಲ, ಊರ ಮಾತು ಆಡುವುದಿಲ್ಲ ಎಂದು ಅವನು ಒಂದೊಂದಾಗಿ ಹೇಳಿದ. ಧ್ಯಾನಕ್ಕೆ ಭಂಗ ಬರಬಾರದೆಂದು, ಮಂದಿರದ ಕಸ ಗುಡಿಸುವ ಮುದುಕಿ ಮಾರ್ತಮ್ಮನನ್ನು ಬೆಳಗಿನಿಂದ ಸಂಜೆಯವರೆಗೆ ಹೊಸ್ತಿಲಾಚೆ ಕೂರಿಸುತ್ತೇನೆ, ಬಂದವರನ್ನು ಅವಳು ಅಲ್ಲಿಂದಲೇ ಹಿಂದಕ್ಕೆ ಕಳಿಸುತ್ತಾಳೆ, ಇವತ್ತೂ ಅಲ್ಲೇ ಕೂತಿದ್ದಾಳೆ ಎಂದೂ ಹೇಳಿದ.

ಗುರುಗಳು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, ಒಬ್ಬ ರೈತನ ಕತೆಯಿದೆ, ಕೇಳು ತಮ್ಮಾ, ಎಂದು ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ರೈತನಿದ್ದ. ದೇವರಿಗೆ ಹೆದರಿ ನಡೆಯುವವನು. ಒಂದು ದಿನ ಸಭೆಯಲ್ಲಿ ಹಿರಿಯರು ದೇವರ ವಾಕ್ಯ ಓದುತ್ತಿದ್ದರು. ಆರು ವರ್ಷ ಬಿತ್ತಿದ ನೆಲವನ್ನು ಏಳನೆಯ ವರ್ಷ ಸುಮ್ಮನೆ ಬಿಡಬೇಕು, ನೆಲಕ್ಕೂ ವಿಶ್ರಾಂತಿ ಬೇಕು ಎಂಬ ಮಾತು ಬಂತು. ಅದು ರೈತನ ಎದೆಗೆ ನಾಟಿತು. ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. ಆದರೆ ಅವನ ಮನಸ್ಸು ಆಗಲೇ ಎದ್ದು ಹೊಲದ ಬದುವಿಗೆ ಹೋಗಿ ನಿಂತಿತ್ತು. ಮುಂದಿನದು ಕಿವಿಗೆ ಬೀಳಲಿಲ್ಲ.

ಆ ವರ್ಷ ಅವನು ಬಿತ್ತಲಿಲ್ಲ. ನೇಗಿಲು ತೊಳೆದು ಅಟ್ಟಕ್ಕೇರಿಸಿದ. ಎತ್ತುಗಳಿಗೆ ನೊಗ ಇಡಲಿಲ್ಲ. ಮಲಗಿದ ನೆಲವನ್ನು ಯಾರೂ ತುಳಿಯಬಾರದೆಂದು ಹೊಲದ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದ. ಇಷ್ಟು ವರ್ಷ ಆ ಹೊಲ ಉತ್ತ ಆಳೊಬ್ಬನಿದ್ದ, ಗಡ್ಡ ನೆರೆತವನು. ಸುಮ್ಮನೆ ಕೂತರೆ ಆಳು ಕೆಡುತ್ತಾನೆ ಎಂದುಕೊಂಡು ರೈತ ಅವನ ಕೈಗೆ ಹಕ್ಕಿ ಓಡಿಸುವ ಕವಣೆ ಕೊಟ್ಟ. ಹೊಲದ ನಡುವೆ ಎತ್ತರದ ಮಂಚಿಕೆ ಕಟ್ಟಿಸಿ ಹಗಲೂ ರಾತ್ರಿ ಕಾವಲಿಗೆ ಕೂರಿಸಿದ. ಬೇಲಿ ಹಾಕಿದವನೂ ಮಂಚಿಕೆ ಕಟ್ಟಿದವನೂ ಆ ಆಳೇ.

ದಾರಿಯಲ್ಲಿ ಹೋಗುವವರು ನಗುತ್ತಿದ್ದರು. “ಏನು ಕಾಯ್ತೀಯಪ್ಪಾ? ನೆಲ ಎದ್ದು ಓಡಿಹೋದೀತು ಅಂತ ಭಯವೇನು?” ಎಂದು ಒಬ್ಬ ಕೇಳಿದ. ಆಳು ತಾನೂ ನಕ್ಕು, ಧಣಿ ಹೇಳಿದ್ದಾರೆ ಎಂದ.

ಮಳೆ ಬಿತ್ತು. ಉಳದ ನೆಲದಲ್ಲಿ ತಾನಾಗಿ ಸೊಪ್ಪು ಹುಟ್ಟಿತು. ಹೋದ ವರ್ಷ ಉದುರಿದ ಕಾಳು ಮೊಳೆತು ಅಲ್ಲಲ್ಲಿ ತೆನೆಯಾಯಿತು. ಕೇರಿಯ ಹೆಂಗಸರು ಉಡಿ ಕಟ್ಟಿಕೊಂಡು ಬೇಲಿಯ ತನಕ ಬಂದು ಒಂದೊಂದು ಹಿಡಿ ಸೊಪ್ಪಿಗೆ ಕೇಳಿಕೊಂಡರು. ಆಳು ಕವಣೆ ಎತ್ತಿ ತೋರಿಸಿದ, ಕಲ್ಲು ಬೀಸಲಿಲ್ಲ. ಬಂದವರಲ್ಲಿ ಅವನ ಹೆಂಡತಿಯೂ ಇದ್ದಳು.

ವರ್ಷ ತುಂಬಲು ಎಂಟು ದಿನ ಉಳಿದಿತ್ತು. ತುಂಬಿದ ದಿನ ಸಭೆಯಲ್ಲಿ ಎದ್ದು ನಿಂತು, ದೇವರೇ, ನಿನ್ನ ನೆಲಕ್ಕೆ ನಾನು ವಿಶ್ರಾಂತಿ ಕೊಟ್ಟೆ ಎಂದು ಹೇಳಬೇಕು ಅಂತ ರೈತ ಮಾತುಗಳನ್ನು ಬಾಯಿಪಾಠ ಮಾಡುತ್ತಿದ್ದ. ಆ ಒಂದು ವರ್ಷವನ್ನು ದೇವರು ಮೆಚ್ಚಬೇಕು, ಅವನಿಗೆ ಬೇಕಿದ್ದುದು ಅಷ್ಟೇ. ಹಾಗೆ ಹೇಳಿಕೊಳ್ಳುತ್ತಲೇ ಒಂದು ಮಧ್ಯಾಹ್ನ ಹೊಲಕ್ಕೆ ಹೋದ.

ಮಂಚಿಕೆ ಖಾಲಿಯಿತ್ತು. ಅದರ ಕೆಳಗಿನ ನೆರಳಲ್ಲಿ, ಸೊಪ್ಪಿನ ನಡುವೆ, ಆಳು ಅಂಗಾತ ಬಿದ್ದು ನಿದ್ದೆ ಹೋಗಿದ್ದ. ರೈತನಿಗೆ ಸಿಟ್ಟು ನೆತ್ತಿಗೇರಿತು. ಕೋಲಿನ ತುದಿಯಿಂದ ಅವನ ಪಕ್ಕೆಗೆ ತಿವಿದ.

“ಕಾಯೋಕೆ ಕೂರಿಸಿದರೆ ಬಿದ್ದುಕೊಂಡಿದ್ದೀಯಲ್ಲೋ?”

ಆಳು ಗಡಬಡಿಸಿ ಎದ್ದು ಕೈಮುಗಿದ. “ತಪ್ಪಾಯ್ತು, ಧಣಿ. ಹೊಲ ಮಲಗಿದ್ದನ್ನ ನೋಡ್ತಾ ನೋಡ್ತಾ ನನಗೂ ಕಣ್ಣು ಹತ್ತಿಬಿಟ್ಟಿತು.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದ. ರೈತ ಕೋಲು ಕೆಳಗಿಳಿಸಿದ. ಕೋಲಿನ ತುದಿಯ ಮಣ್ಣು ಆಳಿನ ಅಂಗಿಗೆ ಹತ್ತಿತ್ತು. ಆರು ವರ್ಷ ಈ ನೆಲವನ್ನು ಉತ್ತವನು ಇವನು. ಏಳನೆಯ ವರ್ಷ ನೆಲ ಮಲಗಿತು, ಇವನು ಮಲಗಲಿಲ್ಲ. ಬಾಯಿಪಾಠ ಮಾಡಿದ ಮಾತುಗಳಲ್ಲಿ ಒಂದೂ ರೈತನ ನಾಲಿಗೆಗೆ ಬರಲಿಲ್ಲ. ಆಳಿನ ಮುಖ ನೋಡಲೂ ಆಗಲಿಲ್ಲ. ಮಣ್ಣು ಹತ್ತಿದ ಅಂಗಿಯನ್ನೇ ನೋಡುತ್ತ, ಮಲಗಪ್ಪಾ, ಎಂದ.

ಧಣಿ ಹಂಗಿಸುತ್ತಿದ್ದಾನೆ ಎಂದು ತಿಳಿದು ಆಳು ಇನ್ನಷ್ಟು ಬಗ್ಗಿದ. ಇನ್ನು ಹೀಗೆ ಮಾಡುವುದಿಲ್ಲ, ಕೆಲಸದಿಂದ ಬಿಡಿಸಬೇಡಿ ಎಂದು ಬೇಡಿಕೊಂಡ. ರೈತ ಮತ್ತೊಮ್ಮೆ ಹೇಳಿದ. ಆಗ ಆಳು ಅಪ್ಪಣೆಯೆಂದುಕೊಂಡು ಮಲಗಿ ಕಣ್ಣು ಮುಚ್ಚಿದ. ಕವಣೆ ಹಿಡಿದ ಕೈ ಮಾತ್ರ ಬಿಗಿಯಾಗಿಯೇ ಇತ್ತು. ಮಲಗು ಎಂದರೆ ಆಳು ಮಲಗುತ್ತಾನೆ, ನಿದ್ದೆ ಧಣಿಯ ಮಾತು ಕೇಳುವುದಿಲ್ಲ. ತಿವಿದು ಎಬ್ಬಿಸಿದವನನ್ನು ಬಾಯಿಮಾತಿನಿಂದ ನಿದ್ದೆಗೆ ಕಳಿಸಲು ತನ್ನಿಂದಾಗದು, ತಾನು ಅಲ್ಲಿ ನಿಂತಿರುವಷ್ಟು ಹೊತ್ತೂ ಅವನಿಗೆ ನಿದ್ದೆಯಿಲ್ಲ ಎಂದು ರೈತನಿಗೆ ಗೊತ್ತಾಯಿತು.

ಕೋಲನ್ನು ಅಲ್ಲೇ ಬಿಟ್ಟು ಬೇಲಿಯ ತನಕ ಹೋಗಿ, ಆಳಿನ ಕಡೆ ಬೆನ್ನು ತಿರುಗಿಸಿ ಕೂತ. ನೆರಳು ಸರಿಯುವ ತನಕ ಹಾಗೇ ಕೂತಿದ್ದ. ಕೊನೆಗೆ ಹಿಂದಿನಿಂದ ಗೊರಕೆ ಕೇಳಿತು.

ಅಷ್ಟರಲ್ಲಿ ಹೆಂಗಸರು ಬಂದರು. ಬೇಲಿಯೊಳಗೆ ಧಣಿಯೇ ಕೂತಿರುವುದನ್ನು ಕಂಡು ಹಿಂದಿರುಗತೊಡಗಿದರು. ಕೂಗಿ ಕರೆದರೆ ಆಳಿಗೆ ಎಚ್ಚರವಾದೀತು. ರೈತ ಬರಿಗೈಯಿಂದ ಮುಳ್ಳಿನ ಕೊಂಬೆಗಳನ್ನು ಒಂದೊಂದಾಗಿ, ಸದ್ದಾಗದಂತೆ ಎಳೆದು ಪಕ್ಕಕ್ಕಿಟ್ಟ. ದಾರಿಯಾಯಿತು. ರಕ್ತ ಒಸರುವ ಕೈಯಿಂದ, ಬನ್ನಿ ಎಂದು ಸನ್ನೆ ಮಾಡಿದ. ಆಳಿನ ಹೆಂಡತಿ ಮೊದಲು ಒಳಗೆ ಬಂದಳು. ಗಂಡ ಮಲಗಿದ್ದನ್ನು ಕಂಡು, ಬಳೆ ಸದ್ದಾಗದಂತೆ ಮೇಲಕ್ಕೇರಿಸಿಕೊಂಡು ಸೊಪ್ಪು ಕೀಳಲು ಬಗ್ಗಿದಳು.

ವರ್ಷ ತುಂಬಿದ ದಿನ ರೈತ ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಆ ವಾಕ್ಯವನ್ನು ಕೊನೆಯ ತನಕ ಓದಿ ಎಂದು ಹಿರಿಯರನ್ನು ಕೇಳಿಕೊಂಡ. ತಾನಾಗಿ ಬೆಳೆದದ್ದು ಬಡವರಿಗೆ ಎಂದಿತ್ತು. ಮನೆಯ ಎತ್ತೂ ಆಳೂ ದಣಿವಾರಿಸಿಕೊಳ್ಳಲಿ ಎಂದೂ ಇತ್ತು. ರೈತ ತಲೆ ತಗ್ಗಿಸಿ ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಸತ್ಯಮಿತ್ರನಿಗೆ ಹೊಸ್ತಿಲಾಚೆ ಕೂತವಳ ನೆನಪಾಯಿತು. ಬೆಳಗಿನಿಂದ ಮಾರ್ತಮ್ಮನಿಗೆ ಒಂದು ಲೋಟ ನೀರು ಬೇಕೇ ಎಂದೂ ಅವನು ಕೇಳಿರಲಿಲ್ಲ. ಈಗಲೇ ಅವಳನ್ನು ಮನೆಗೆ ಕಳಿಸಬೇಕೆಂದು ಅವಸರದಿಂದ ಬಾಗಿಲ ಕಡೆ ತಿರುಗಿ, ಹೆಸರು ಹಿಡಿದು ಕರೆಯಲು ಬಾಯಿ ತೆರೆದ.

ಗುರುಗಳು ತುಟಿಯ ಮೇಲೆ ಬೆರಳಿಟ್ಟು ಮೆಲ್ಲಗೆ ಹೇಳಿದರು: “ಕೂಗಬೇಡ, ಅವಳಿಗೆ ಈಗ ತಾನೇ ಕಣ್ಣು ಹತ್ತಿದೆ.”